ಶಿವಗಂಗೆಗೆ ಒಳ್ಳೆಯ ದಿನ

ನಮ್ಮ ಜಯನಗರದ ಮನೆಯಲ್ಲಿ ಪಂಚಾಂಗಕ್ಕೆಂದೇ ಒಂದು ಮೊಳೆ ಮೀಸಲಾಗಿತ್ತು. ಮೂಲೆಗೆ ದಾರ ಪೋಣಿಸಿಕೊಂಡು, ಒಗ್ಗರಣೆಯ ಹೊಗೆಗೆ ಕಂದಿ, ಅದು ಅಡುಗೆಮನೆಯ ಬಾಗಿಲ ಪಕ್ಕ ವರ್ಷವಿಡೀ ತೂಗಾಡುತ್ತಿತ್ತು. ಯುಗಾದಿಗೆ ಹಳೆಯದು ಇಳಿದು ಹೊಸದು ಏರಿದ ಮೇಲೆ ಅದನ್ನು ಕೇಳುವವರು ಅಪರೂಪ; ಅಮ್ಮನಿಗಂತೂ ಏಕಾದಶಿ ಯಾವತ್ತೆಂದು ತಿಳಿದರೆ ಸಾಕು. ಅಂಥ ಅಮ್ಮ ಒಂದು ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಪಂಚಾಂಗದ ಬೆನ್ನು ಹತ್ತಿದಳು ಎಂದರೆ, ಸ್ನೇಹಿತರೇ, ಅದಕ್ಕೊಂದು ಬೆಟ್ಟ ಕಾರಣ.

ಎಂಟು ವರ್ಷದವಳಿದ್ದಾಗ ನಾನು ಟೈಫಾಯ್ಡ್ ಬಂದು ಇಪ್ಪತ್ತೊಂದು ದಿನ ಮಲಗಿದ್ದೆನಂತೆ. ಮಗಳು ಎದ್ದು ಕೂತರೆ ಶಿವಗಂಗೆಯ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತೇನೆಂದು ಅಮ್ಮ ಹರಕೆ ಹೊತ್ತಳು. ನಾನು ಎದ್ದು ಕೂತೆ, ಓಡಾಡಿದೆ, ಕಾಲೇಜಿಗೂ ಸೇರಿದೆ. ಹರಕೆ ಮಾತ್ರ ಕೂತಲ್ಲೇ ಕೂತಿತ್ತು. ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದು, ಅಪ್ಪನಿಗೆ ನಿವೃತ್ತಿಯೂ ಆದ ಮೇಲೆ, ಅಮ್ಮ ದಿನಾ ನೆನಪಿಸತೊಡಗಿದಳು: “ಕಾಲಲ್ಲಿ ಕಸುವಿರುವಾಗ್ಲೇ ಹತ್ತಿಬಿಡೋಣ ಕಣ್ರೀ.”

ಮೂವತ್ತು ವರ್ಷ ಕಡತ ಬರೆದಿದ್ದ ಅಪ್ಪನ ಕೈಗೆ ಹಬ್ಬವೇ ಬಂದಂತಾಯಿತು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಯೋಜನೆ ಮೂಡಿತು. ಮೊದಲ ಬಸ್ಸು, ತುಮಕೂರಿನ ರೈಲು, ನಿಡವಂದದಲ್ಲಿ ಇಳಿದು ನಡಿಗೆ; ಯಾವ ಮಂಟಪದಲ್ಲಿ ಪುಳಿಯೋಗರೆ ಬಿಚ್ಚುವುದು, ಒಳಕಲ್ಲು ತೀರ್ಥದ ಕುಳಿಗೆ ಯಾರು ಮೊದಲು ಕೈ ಇಳಿಸಿ ನೀರು ಮುಟ್ಟುವುದು, ತುದಿಯ ಬಸವಣ್ಣನ ಹತ್ತಿರ ಎಷ್ಟು ಹೊತ್ತು ನಿಲ್ಲುವುದು, ಎಲ್ಲವೂ ಬರೆದಾಯಿತು. ಪ್ರವಾಸದ ಸುಖದಲ್ಲಿ ಮುಕ್ಕಾಲು ಪಾಲು ಹೊರಡುವ ಮುಂಚೆಯೇ ಮುಗಿದಿರುತ್ತದೆಂದು ನನಗೆ ಈಗಲೂ ಅನ್ನಿಸುತ್ತದೆ. ಕಾಗದದ ಬೆಟ್ಟದಲ್ಲಿ ಬೆವರಿಲ್ಲ, ಏದುಸಿರಿಲ್ಲ. ಅಲ್ಲಿ ಎಲ್ಲರಿಗೂ ಇಪ್ಪತ್ತೈದೇ ವಯಸ್ಸು.

ಅಭ್ಯಾಸವಿಲ್ಲದೆ ಹೊರಡುವುದು ಅಪ್ಪನ ಜಾಯಮಾನವಲ್ಲ. ಒಂದು ಭಾನುವಾರ ಮೂವರೂ ಲಾಲ್‌ಬಾಗಿನ ಬಂಡೆ ಹತ್ತಲು ಹೋದೆವು. ಅರ್ಧಕ್ಕೇ ಅಪ್ಪ ನಿಂತು, “ಗಾಳಿ ಎಷ್ಟು ಚೆನ್ನಾಗಿದೆ ನೋಡ್ರೇ” ಎಂದರು. ಹತ್ತು ಹೆಜ್ಜೆಗೆ ಮತ್ತೆ ನಿಂತು ಊರಿನ ನಾಲ್ಕು ದಿಕ್ಕುಗಳನ್ನೂ ಪರಿಚಯಿಸಿದರು. ತುಟಿ ಬಿಳಿಚಿಕೊಂಡಿತ್ತು, ಕೈ ಎದೆಯ ಮೇಲಿತ್ತು. ನಾನು ದಿಕ್ಕು ನೋಡುತ್ತಿದ್ದೆ. ಅಮ್ಮ ಆ ಕೈಯನ್ನು ನೋಡುತ್ತಿದ್ದಳು.

ಅಮ್ಮ ಪಂಚಾಂಗವನ್ನು ಮೊಳೆಯಿಂದ ಇಳಿಸಿದ್ದು ಆ ಸಂಜೆಯೇ. ಅಪ್ಪ ಗೊತ್ತುಮಾಡಿದ ದಿನ ಅಷ್ಟಮಿಯಾಗಿರುತ್ತಿತ್ತು, ಇಲ್ಲವೇ ನವಮಿ, ಅದೂ ಇಲ್ಲದಿದ್ದರೆ ಮಂಗಳವಾರ. ಹಾಳೆಗಳು ಹರಿದು ಹೊಸದಾಗಿ ಹುಟ್ಟುತ್ತಿದ್ದವು. ಕೊನೆಗೆ ಯಾವ ದೋಷವೂ ಇಲ್ಲದ ಒಂದು ಗುರುವಾರ ಸಿಕ್ಕಿಬಿದ್ದಾಗ ಅಮ್ಮ ಕೊನೆಯ ಅಸ್ತ್ರ ತೆಗೆದಳು: “ಮೂರು ಜನ ಒಟ್ಟಿಗೆ ಹೊರಡಬಾರ್ದು ಕಣ್ರೀ.”

ಅಪ್ಪ ಹಿತ್ತಲಿಗೆ ಹೋಗಿ ಒಂದು ದುಂಡುಕಲ್ಲು ಆರಿಸಿ, ತೊಳೆದು, ಚೀಲಕ್ಕೆ ಹಾಕಿದರು. “ಇವನೇ ನಾಲ್ಕನೆಯವನು. ಈಗೇನಂತೀಯ?” ನಮ್ಮಲ್ಲಿ ಹಾಗೊಂದು ಪರಿಹಾರ ಉಂಟು. ಆದರೂ ಬಂಡೆಯ ಬೆಟ್ಟಕ್ಕೆ ಮನೆಯಿಂದ ಕಲ್ಲು ಹೊತ್ತುಕೊಂಡು ಹೋದವರು ನಾವೇ ಇರಬೇಕು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ನಗಲಿಲ್ಲ.

ಗುರುವಾರ ಎಲ್ಲವೂ ಹಾಳೆಯಲ್ಲಿದ್ದಂತೆಯೇ ನಡೆಯಿತು. ಬೆಟ್ಟದ ಬುಡದಲ್ಲಿ ಅಪ್ಪ ತಲೆಯೆತ್ತಿ ತುದಿ ನೋಡಿದರು. ಕೈ ಮತ್ತೆ ಎದೆಯ ಮೇಲೆ ಹೋದದ್ದು ಈ ಸಲ ನನಗೂ ಕಂಡಿತು. ಆದರೆ ಅವರು ಹಿಂದೆ ಸರಿಯುವ ಆಸಾಮಿಯಲ್ಲ. ಹೆಂಡತಿಯ ಹರಕೆ, ಮಗಳ ಜೀವದ ಋಣ. ಪ್ರಾಣ ಹೋದರೂ ಹತ್ತುವವರೇ. ಹತ್ತನೆಯ ಮೆಟ್ಟಿಲಲ್ಲಿ ಅಮ್ಮ ಕುಸಿದು ಕೂತಳು. “ಅಯ್ಯೋ, ಮಂಡಿ ಹಿಡ್ಕೊಂಬಿಡ್ತು ಕಣ್ರೀ. ನನ್ ಕೈಲಿ ಆಗಲ್ಲ.”

ದಿನಾ ಬೆಳಗ್ಗೆ ಅಂಗಳದ ತುಂಬ ರಂಗೋಲಿ ಬಿಟ್ಟು, ನೆಲಕ್ಕೆ ಕೈಯೂರದೆ ಏಳುತ್ತಿದ್ದವಳು ಅವಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೊಣಕೈ ಚಿವುಟಿದಳು. ಅಪ್ಪ ಗಾಬರಿಯಿಂದ ನೀರು ತರಲು ಕೆಳಗಿಳಿದರು. ಅವರ ಬೆನ್ನು ತಿರುಗಿದ್ದೇ ತಡ, ಅಮ್ಮ ತುದಿಯ ಕಡೆ ಮುಖ ಮಾಡಿ ಗಲ್ಲ ಗಲ್ಲ ಬಡಿದುಕೊಂಡಳು. “ತಪ್ಪಾಯ್ತು ಸ್ವಾಮಿ. ಕೊಟ್ಟ ಮಾತು ಇವಳ ಕಾಲಲ್ಲೇ ತೀರಿಸ್ಕೋ. ಅವರನ್ನ ನನಗೆ ಬಿಡು.” ಅವಳ ಕಣ್ಣು ತುಂಬಿತ್ತು. ಪಂಚಾಂಗದ ಅಷ್ಟಮಿ ನವಮಿಗಳೆಲ್ಲ ನನಗೆ ಆಗ ಅರ್ಥವಾದವು.

ಬೆಟ್ಟ ಹತ್ತುತ್ತಿದ್ದ ಒಂದು ದೊಡ್ಡ ಸಂಸಾರದ ಜೊತೆ ನನ್ನನ್ನು ಕಳಿಸಿದರು. ನಾನು ಬರಿಗಾಲಲ್ಲಿ, ಕಂಬಿ ಹಿಡಿದು, ತುದಿ ಮುಟ್ಟಿ ಬಂದೆ. ಕೆಳಗೆ ಮಂಟಪದ ನೆರಳಿನಲ್ಲಿ ಅಪ್ಪ ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು, ಯಾರಲ್ಲಿ ಬೇಡಿ ತಂದರೋ. ಅಪ್ಪನ ಮುಖಕ್ಕೆ ಬಣ್ಣ ಮರಳಿತ್ತು.

ಮುಂದೆ ಮನೆಗೆ ಬಂದವರಿಗೆಲ್ಲ ಅಪ್ಪ ಈ ಕಥೆ ಹೇಳುತ್ತಿದ್ದರು. “ನಾನೇನೋ ಸಲೀಸಾಗಿ ಹತ್ತಿಬಿಡ್ತಿದ್ದೆ. ಪಾಪ, ಇವಳ ಮಂಡಿ ಕೈಕೊಡ್ತು.” ಕಾಫಿ ತಂದ ಅಮ್ಮ ಲೋಟಗಳನ್ನು ಕೆಳಗಿಟ್ಟು, “ಹೌದು, ನನ್ನಿಂದಾಗಿ ಇವರಿಗೂ ತುದಿ ತಪ್ಪಿಹೋಯ್ತು” ಎನ್ನುತ್ತಿದ್ದಳು.