ಚಿಂಚೋಳಿಯ ಟಕ್ ಟಕ್ ಹುಡುಕಿಕೊಂಡು

ಶಹಾಬಾದದಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದಾಗ ನನ್ನ ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಪುಟ್ಟ ರೇಡಿಯೋ ಇದ್ದವು. ತಲೆಯ ತುಂಬ ಸಿಟ್ಟಿತ್ತು. ಸಿಟ್ಟು ಚಿಂಚೋಳಿಯ ಶರಣಪ್ಪ ಕಾಕಾರ ಮೇಲೆ. ನಾವಿಬ್ಬರೂ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದು ಮನೆಯಿಂದಲೇ ರೇಡಿಯೋದಲ್ಲಿ ಮಾತಾಡುವ ಹವ್ಯಾಸದವರು. ದಿನಾ ಬೆಳಿಗ್ಗೆ, ನಾನು ನನ್ನ ಟೇಲರಿಂಗ್ ಅಂಗಡಿಯ ಬಾಗಿಲು ತೆರೆಯುವ ಮೊದಲೇ, ರೇಡಿಯೋದಲ್ಲಿ ನಮ್ಮ ಗುಂಪಿನ ಹಾಜರಿ ಕರೆಯುತ್ತಿದ್ದವರು ಕಾಕಾ. ವರ್ಷಗಟ್ಟಲೆ ಅವರ ದನಿ ಕೇಳಿದ್ದೆ, ಮುಖ ನೋಡಿರಲಿಲ್ಲ. ಈಚೆಗೆ ಅವರ ಸೆಟ್ಟಿನಲ್ಲಿ ಟಕ್ ಟಕ್ ಎಂಬ ಸದ್ದು ಸೇರಿಕೊಂಡು ಯಾರ ಮಾತೂ ಕೇಳದಂತಾಗಿತ್ತು. "ಸಾಕಾಗ್ಯಾದ ಯವ್ವಾ. ಭಾನುವಾರ ಆಂಟೆನಾ ಇಳಿಸಿ ಸೆಟ್ ಮಾರಿಬಿಡ್ತೀನಿ" ಎಂದು ಫೋನಿನಲ್ಲಿ ಹೇಳಿದ್ದರು. ನಾನು ಹೊರಟದ್ದು ಶನಿವಾರ.

ವಾಡಿಯಲ್ಲಿ ಗಾಡಿ ಬದಲಿಸಿದೆ. ಚಿತ್ತಾಪುರದಲ್ಲಿ ಚುರುಮುರಿ ಸುಸಲಾ, ಮಿರ್ಚಿ ಮಾರುವವಳು ಹತ್ತಿದಳು. ರೊಟ್ಟಿ ಚೀಲದಲ್ಲೇ ಉಳಿಯಿತು. ಯಾವ ಆಕಾಶವಾಣಿಯೂ ಸಿಗದ ಕಡೆ ರೇಡಿಯೋದ ಮುಳ್ಳು ಇಟ್ಟು ಗೊರಗೊರ ಸದ್ದು ಕೇಳುತ್ತ ಕುಳಿತಿದ್ದೆ. ಎದುರಿನವರು, "ಕೆಟ್ಟದೇನ್ರಿ ಅದು?" ಎಂದರು. "ಇಲ್ರಿ, ಈ ಸದ್ದೇ ಕೇಳಾಕತ್ತೀನಿ" ಎಂದೆ. ಅವರು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದರು.

ಸೇಡಂನಿಂದ ಬಸ್ಸು. ಆಧಾರ್ ತೋರಿಸಿದ್ದಕ್ಕೆ ಟಿಕೆಟ್ ಪುಕ್ಕಟೆ, ಆದರೆ ಸೀಟು ಸಿಗಲಿಲ್ಲ. ಜಿಟಿಜಿಟಿ ಮಳೆಯಲ್ಲಿ ನಿಂತೇ ಚಿಂಚೋಳಿ ತಲುಪಿದೆ.

ಊರಂಚಿನ ಮನೆಯಲ್ಲಿ ಬಾಗಿಲು ತೆರೆದವರು ಕಾಕಾರ ಸೊಸೆ ಸಂಗೀತಾ. "ಬರ್ರಿ ಅಕ್ಕಾ, ಹೆಂಗಾರ ಮಾಡಿ ರೇಡಿಯೋ ಸುರು ಮಾಡ್ರಿ. ಅದು ಬಂದ್ ಬಿದ್ದಾಗಿಂದ ಮಾಂವಾರು ದಿನಪೂರ್ತಿ ನಮ್ಮ ಜೋಡಿನೇ ಮಾತಾಡಲಿಕತ್ತಾರ." ಒಳಗಿನಿಂದ ಬಂದ ಕಾಕಾ ದನಿಯಷ್ಟು ದಪ್ಪ ಇರಲಿಲ್ಲ, ಸಣಕಲು ಆಳು. ಅವರ ತೀರ್ಪು ಮೊದಲೇ ಆಗಿತ್ತು. "ಇದು ಬಾಜೂ ಗಿರಣಿ ಮಹಿಬೂಬನ ಮೋಟಾರು. ಜಗಳಾಡಿ ಮಾತು ಬಿಟ್ಟೀನಿ."

ಮೋಟಾರಿನ ಸದ್ದು ನನಗೆ ಗೊತ್ತು, ನನ್ನ ಹೊಲಿಗೆ ಮಷೀನೇ ರೇಡಿಯೋದಲ್ಲಿ ಗೊರ್ರೆನ್ನುತ್ತದೆ. ಕಾಕಾ ಸೆಟ್ ಹಚ್ಚಿದರು, ನಾನೂ ನನ್ನ ರೇಡಿಯೋ ಹಚ್ಚಿದೆ: ಇದು ಗಡಿಯಾರದ ಹಾಗೆ ಬಡಿಯುತ್ತಿತ್ತು. ಚಹಾ ಕುಡಿಯುವಾಗ ಕರೆಂಟ್ ಹೋಯಿತು. ಗಿರಣಿ ನಿಂತಿತು, ಕಾಕಾರ ಸೆಟ್ಟೂ ನಿಂತಿತು. ಸೆಲ್ಲಿನ ಮೇಲೆ ನಡೆಯುವ ನನ್ನ ಪುಟ್ಟ ರೇಡಿಯೋ ಮಾತ್ರ ಟಕ್ ಟಕ್ ಎನ್ನುತ್ತಲೇ ಇತ್ತು. ಕಾಕಾರ ಮುಖ ಸಣ್ಣದಾಯಿತು. ನೇರ ಗೋಡೆಯ ಹತ್ತಿರ ಹೋಗಿ ಕೂಗಿದರು: "ಮಹಿಬೂಬಾ, ನಂದೇ ತಪ್ಪಾತಪ್ಪಾ!"

"ಅದಿರಲಿ ಕಾಕಾ," ಎಂದು ಆಚೆಯಿಂದ ಉತ್ತರ ಬಂತು, "ಇಷ್ಟು ದಿನ ಜ್ವಾಳ ಯಾರ ಕಡಿ ಬೀಸಿಸಿದ್ರಿ?"

ರೇಡಿಯೋವನ್ನು ಅಡ್ಡ ಹಿಡಿದು ತಿರುಗಿಸಿದರೆ ಒಂದು ಕಡೆ ಸದ್ದು ಬತ್ತುತ್ತದೆ. ಆಗ ಅದರ ತುದಿ ತೋರಿಸುವ ಗೆರೆಯಲ್ಲೇ ಕಳ್ಳ ಇರಬೇಕು. ಹಾಗೆ ತಿರುಗಿಸುತ್ತ ಮನೆಯ ಹಿಂದೆ ನಡೆದೆ, ಸಂಗೀತಾ ಜೊತೆಗೆ ಬಂದರು. ಗೆರೆ ಹೋಗಿ ಮುಟ್ಟಿದ್ದು ಅವರದೇ ಶೇಂಗಾ ಹೊಲದ ಬೇಲಿಗೆ. ಹಂದಿ ಬರದಿರಲೆಂದು ಅವರೇ ತಂತಿಗೆ ಶಾಕ್ ಕೊಡುವ ಬ್ಯಾಟರಿಯ ಝಟಕಾ ಮಷೀನ್ ಹಾಕಿಸಿದ್ದರು.

"ಇದು ಬಿತ್ತಿದಾಗಿಂದ ಅದರಿ, ಸದ್ದು ಈಗ ಬಂದದ" ಎಂದು ಸಂಗೀತಾ ಸೊಂಟಕ್ಕೆ ಕೈಯಿಟ್ಟರು. "ಮಷೀನ್ ಅಂತೂ ತೆಗಿಯಾಂಗಿಲ್ಲ. ಮಾಂವಾರ ಮಾತಿಗೆ ಹಂದಿ ಹೆದರ್ತಾವೇನು?"

ತೆಗೆಯಬೇಕಿರಲಿಲ್ಲ. ಮಳೆಗೆ ಬೆಳೆದ ಹಸಿ ಕಳೆ ತಂತಿಗೆ ತಾಗಿ ಚಟಚಟ ಕಿಡಿ ಹಾರುತ್ತಿತ್ತು, ಅದೇ ರೇಡಿಯೋದ ಟಕ್ ಟಕ್. ಮಷೀನ್ ನಿಲ್ಲಿಸಿ, ಬೇಲಿಯುದ್ದಕ್ಕೂ ಇಬ್ಬರೂ ಕುಡುಗೋಲು ಆಡಿಸಿದೆವು. ಸೀರೆಯಂಚೆಲ್ಲ ರಾಡಿಯಾಯಿತು. ಮತ್ತೆ ಚಾಲೂ ಮಾಡಿದಾಗ ನನ್ನ ರೇಡಿಯೋ ಸುಮ್ಮನಿತ್ತು. ಬೇಲಿಗೂ ಈಗ ಪೂರ್ತಿ ಜೋರು ಬಂದಿತ್ತು.

ಅಷ್ಟರಲ್ಲಿ ಕರೆಂಟ್ ಬಂದಿತ್ತು. "ಕಾಕಾ, ಸೆಟ್ ಹಚ್ಚಿ ನೋಡ್ರಿ" ಎಂದು ಹೊಲದಿಂದಲೇ ಫೋನ್ ಮಾಡಿದೆ. ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ ದೂರದ ಯಾರದೋ ದನಿ, ಅದರ ಹಿಂದೆಯೇ ಕಾಕಾರ ಗಟ್ಟಿ ನಗು. ನಾನು ಹಲೋ ಹಲೋ ಎನ್ನುತ್ತಲೇ ಇದ್ದೆ. ಫೋನು ಕೈಯಲ್ಲಿದೆ ಎಂಬುದನ್ನೇ ಅವರು ಮರೆತಿದ್ದರು. ನನಗೆ ಕಣ್ಣು ತುಂಬಿ ಬಂತು, ಸಂಗೀತಾ ನಕ್ಕರು.

ಸಂಜೆ ಬಸ್ಸಿಗೆ ಹೊರಡುವಾಗಲೂ ಕಾಕಾ ಸೆಟ್ಟಿನ ಮುಂದೆಯೇ ಇದ್ದರು. "ತಡೀರಿ, ಕರೀತೀನಿ" ಎಂದರು ಸಂಗೀತಾ. ಬೇಡವೆಂದು ಕೈಸನ್ನೆ ಮಾಡಿ ಬಾಗಿಲಲ್ಲಿ ನಿಂತೆ.

"ನಾಳಿ ಭಾನುವಾರ, ಹಾಜರಿಗೆ ಎಲ್ಲಾರೂ ಬರ್ರಿ" ಎನ್ನುತ್ತಿದ್ದರು ಕಾಕಾ ಮೈಕಿನಲ್ಲಿ. "ಶಹಾಬಾದದ ಶೈಲಾನೂ ಬರ್ತಾಳ."

ಬರ್ತೀನಿ ಎಂದು ಅವರ ಬೆನ್ನಿಗೆ ತಲೆಯಾಡಿಸಿ, ಸದ್ದಾಗದಂತೆ ಚಪ್ಪಲಿ ಮೆಟ್ಟಿಕೊಂಡೆ.