ಗಾಜು ಒರೆಸಿದರೂ ಹೋಗದ ಕಲೆ

ಬಸ್ಸಿನ ಮುಂದಿನ ಗಾಜಿನ ಮೇಲೆ ಕಲೆ ಇದೆಯೆಂದು ಸಂಗಮೇಶ್ ಮೂರು ದಿನ ಕಂಡಕ್ಟರ್ ರಾಜಕುಮಾರನನ್ನು ಬೈದ. ಶಿರಾಳಕೊಪ್ಪದಿಂದ ಸೊರಬದ ಮೇಲೆ ಚಂದ್ರಗುತ್ತಿಗೆ ಹೋಗುವ ಆ ಖಾಸಗಿ ಬಸ್ಸನ್ನು ಅವನು ಇಪ್ಪತ್ತೆರಡು ವರ್ಷಗಳಿಂದ ಓಡಿಸುತ್ತಿದ್ದ. ಐವತ್ತರ ಪ್ರಾಯ, ಮೂಗಿನ ತುದಿಯಲ್ಲೇ ಸಿಟ್ಟು. ಅಡ್ಡ ಬಂದ ಟ್ರ್ಯಾಕ್ಟರಿನವರಿಂದ ಹಿಡಿದು ಮೆಟ್ಟಿಲ ಮೇಲೆ ನಿಲ್ಲುವ ಪ್ರಯಾಣಿಕರವರೆಗೆ ಯಾರನ್ನೂ ಬಿಟ್ಟವನಲ್ಲ.

ನಾಲ್ಕನೆಯ ದಿನ ರಾಜಕುಮಾರನೂ ರೇಗಿದ. "ಗಾಜು ಒರೆಸಿ ಒರೆಸಿ ಕೈ ಸೋತೈತೆ ಕಣಣ್ಣ. ಕಲೆ ಇರೋದು ನಿನ್ ಕಣ್ಣಾಗೆ. ಹೋಗಿ ತೋರ್ಸು."

ಕನ್ನಡಕದ ನಂಬರ್ ಬದಲಾಗಿರಬೇಕೆಂದುಕೊಂಡು ಸಂಗಮೇಶ್ ಶಿಕಾರಿಪುರದ ಕಣ್ಣಿನ ಡಾಕ್ಟರ್ ತರನ್ನುಮ್ ಅವರ ಬಳಿ ಹೋದ. ಆಕೆ ಹನಿ ಬಿಟ್ಟು, ಅರ್ಧ ಗಂಟೆ ಕೂರಿಸಿ, ಕಣ್ಣಿನ ಹಿಂಭಾಗದ ಫೋಟೋ ತೆಗೆದರು. ಕಂಪ್ಯೂಟರಿನಲ್ಲಿ ಕಿತ್ತಳೆ ಬಣ್ಣದ ದುಂಡನೆಯ ಚಿತ್ರ ಮೂಡಿತು. ಅದರ ತುಂಬ ಕವಲೊಡೆದ ಕೆಂಪು ಗೆರೆಗಳು, ಅಲ್ಲಲ್ಲಿ ರಕ್ತದ ಮಚ್ಚೆ.

"ನಿಮಗೆ ಬಿ.ಪಿ. ಇದೆಯಾ?"

"ಕಣ್ಣು ನೋಡ್ರಿ ಅಂದ್ರೆ ಬಿ.ಪಿ. ಕೇಳ್ತೀರಲ್ರೀ!"

"ಕಣ್ಣು ನೋಡಿದ್ದಕ್ಕೇ ಕೇಳ್ತಿದ್ದೀನಿ. ಮೈ ಕುಯ್ಯದೆ ಒಳಗಿನ ರಕ್ತನಾಳ ನೇರವಾಗಿ ಕಾಣೋದು ಇಲ್ಲಿ ಮಾತ್ರ. ನಿಮ್ಮವು ಸಣ್ಣಗೆ ಬಿಗಿದಿವೆ, ಕೆಲವು ಕಡೆ ಒಸರಿವೆ. ಇಂಥವೇ ಸಣ್ಣ ನಾಳಗಳು ಹೃದಯದಲ್ಲೂ ಮಿದುಳಲ್ಲೂ ಇರ್ತವೆ. ಅಲ್ಲಿ ಏನಾಗ್ತಿದೆಯೋ!"

ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಮೇಲಿನದು ಇನ್ನೂರ ಹತ್ತು, ಕೆಳಗಿನದು ನೂರಿಪ್ಪತ್ತು. ತರನ್ನುಮ್ ತಡಮಾಡದೆ ಅವನನ್ನು ಆಸ್ಪತ್ರೆಗೆ ಕಳಿಸಿದರು. ಇ.ಸಿ.ಜಿ. ನೋಡಿದ ವೈದ್ಯರು ಹೃದಯದ ಗೋಡೆ ದಪ್ಪಗಾಗಿದೆ, ಇದು ನಿನ್ನೆ ಮೊನ್ನೆಯದಲ್ಲ, ವರ್ಷಗಳದ್ದು ಎಂದರು. ಎರಡು ದಿನ ಮಲಗಿಸಿಕೊಂಡು ಮಾತ್ರೆ ಕೊಟ್ಟರು. ಸದ್ಯಕ್ಕೆ ಸ್ಟೇರಿಂಗ್ ಮುಟ್ಟಬೇಡ ಎಂದು ಬರೆದೂ ಕೊಟ್ಟರು.

ಸುದ್ದಿ ಕೇಳಿದ ಬಸ್ಸಿನ ಮಾಲೀಕ ಬೆನಕಪ್ಪನಿಗೆ ಇದ್ಯಾವುದೂ ದೊಡ್ಡದೆನಿಸಲಿಲ್ಲ. "ಆ ಚೀಟಿ ಯಾರಿಗೂ ತೋರಿಸ್ಬ್ಯಾಡೋ. ಹೆಂಗೂ ಲೈಸೆನ್ಸ್ ರಿನ್ಯೂ ಮಾಡ್ಸೋದೈತೆ. ನಮ್ಮ ಡಾಕ್ಟ್ರತ್ರ ಹೋಗು, ಯಾವಾಗ್ಲೂ ಮಾಡಿದಂಗೆ ಆರೋಗ್ಯ ಸರಿ ಐತೆ ಅಂತ ಬರ್ಕೊಡ್ತಾರೆ."

ಸಂಗಮೇಶ್ ಹೋದ. ಆ ವೈದ್ಯ ತಲೆಯೆತ್ತದೆ ಫಾರಮ್ಮಿನಲ್ಲಿ ದೃಷ್ಟಿ ಸರಿ, ರಕ್ತದೊತ್ತಡ ಸರಿ, ಹೃದಯ ಸರಿ ಎಂದು ಗೀಚಿ ಸಹಿ ಹಾಕಿದ. ಇಪ್ಪತ್ತೆರಡು ವರ್ಷಗಳಲ್ಲಿ ಹೀಗೇ ಆರು ಸಹಿ ಬಿದ್ದಿದ್ದವು. ಒಮ್ಮೆಯೂ ತೋಳಿಗೆ ಪಟ್ಟಿ ಸುತ್ತಿರಲಿಲ್ಲ. ಆಗೆಲ್ಲ ಕೆಲಸ ಬೇಗ ಮುಗಿಯಿತೆಂದು ಖುಷಿಪಟ್ಟು ಹೊರಟಿದ್ದವನೂ ತಾನೇ ಎಂಬುದು ನೆನಪಾಗಿ ಸಂಗಮೇಶನ ಮೈ ಉರಿಯಿತು.

"ಮುಖನಾದ್ರೂ ನೋಡ್ರಿ," ಎಂದ.

"ಏನಪ್ಪಾ?"

"ಬೆಳಗಿನ ಟ್ರಿಪ್ಪಿನಾಗೆ ಕಾಲೇಜಿಗೆ ಹೋಗೋ ಹೆಣ್ಮಕ್ಳೇ ಮೂವತ್ತು ಜನ ಇರ್ತಾರೆ. ದೇವಸ್ಥಾನಕ್ಕೆ ಹೋಗೋ ಮುದುಕೀರು ಇರ್ತಾರೆ. ಕೆರೆ ಏರಿ ಮ್ಯಾಲೆ ನನ್ನ ಎದೆ ನಿಂತಿದ್ರೆ ಬಸ್ಸು ನೀರಿನಾಗೆ ಇರ್ತಿತ್ತು. ಅವರ ಮನೇರಿಗೆ ಈ ಸಹಿ ತೋರ್ಸ್ತಿದ್ರೇನು?"

"ನಿಮ್ಮ ಮಾಲೀಕ್ರು ಹೇಳಿದ್ದಕ್ಕೆ ಮಾಡ್ಕೊಟ್ಟೆ. ಬೇಡ ಅಂದ್ರೆ ಬಿಡು."

ಸಂಗಮೇಶ್ ಫಾರಂ ಹರಿಯಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡ. ಅದರ ಜೊತೆಗೆ ಆಸ್ಪತ್ರೆಯ ಚೀಟಿಯನ್ನೂ ಕಣ್ಣಿನ ಫೋಟೋವನ್ನೂ ಲಗತ್ತಿಸಿ ಆರ್.ಟಿ.ಓ. ಕಚೇರಿಗೆ ದೂರು ಬರೆದು ಕಳಿಸಿದ. ಬೆನಕಪ್ಪ ಅವನನ್ನು ಕೆಲಸದಿಂದ ಬಿಡಿಸಿದ.

ಮರುವಾರ ಅವನು ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿಗೆ ಬಂದು ಒಮ್ಮೆಯೂ ತಪಾಸಣೆ ಮಾಡಿಸಿಕೊಳ್ಳದ ಡ್ರೈವರುಗಳ ಮೇಲೆ ಬೈಗುಳದ ಸುರಿಮಳೆಯನ್ನೇ ಸುರಿಸಿದ. ಬೈಗುಳ ತಾಳಲಾರದೆಯೋ ಏನೋ, ಒಂಬತ್ತು ಜನ ಹೋಗಿ ಬಿ.ಪಿ. ನೋಡಿಸಿಕೊಂಡರು. ಮೂವರಿಗೆ ಅಂದೇ ಮಾತ್ರೆ ಶುರುವಾಯಿತು. ಅವರಲ್ಲೊಬ್ಬ ಬಿಲಾಲ್, ಲಾರಿಯವನು, ಇನ್ನೂ ಮೂವತ್ತೆಂಟರ ಹುಡುಗ.

ಐದು ತಿಂಗಳಾದವು. ಕಣ್ಣಿನ ಮಚ್ಚೆಗಳು ಬಹುಮಟ್ಟಿಗೆ ಇಂಗಿವೆ. ಬಿಗಿದ ನಾಳಗಳು ಮೊದಲಿನಂತಾಗುವುದು ಕಷ್ಟ, ಮಾತ್ರೆ ಬಿಡುವಂತಿಲ್ಲ ಎಂದಿದ್ದಾರೆ ತರನ್ನುಮ್. ಸಂಗಮೇಶ್ ಈಗ ಗೊಬ್ಬರದಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಾನೆ. ಮೊದಲ ದೂರಿಗೂ ಆಮೇಲೆ ಬರೆದ ಎರಡನೆಯದಕ್ಕೂ ಉತ್ತರ ಬಂದಿಲ್ಲ. ಆ ವೈದ್ಯ ಇವತ್ತಿಗೂ ತಲೆಯೆತ್ತದೆ ಸಹಿ ಹಾಕುತ್ತಲೇ ಇದ್ದಾನೆ. ಸಂಗಮೇಶ್ ಮೂರನೆಯ ದೂರು ಬರೆಯುತ್ತಿದ್ದಾನೆ.