ಖಮರುದ್ದೀನ್ ಚಾಚಾರ ಬಣ್ಣದ ಚೀಲಗಳು

ಅವಿನಾಶ ನನ್ನ ತಂಗಿಯ ಮಗ. ಆದರೂ ಅವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹುಮನಾಬಾದಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ, ಓದಿದವನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನಾನೂ ಅವನಂಥ ಕೆಲಸ ಮಾಡುತ್ತಿರಲಿಲ್ಲ.

ನಮ್ಮ ನೆರೆಮನೆಯ ಖಮರುದ್ದೀನ್ ಚಾಚಾ ಬಸವಕಲ್ಯಾಣದಲ್ಲಿ ರೇಡಿಯೋ ರಿಪೇರಿ ಮಾಡುತ್ತಲೇ ಮುದುಕರಾದರು. ಕೆಟ್ಟ ಗ್ರಾಮೋಫೋನನ್ನು ಅಂಗಡಿಯಲ್ಲೇ ಬಿಟ್ಟುಹೋದವರು ರೆಕಾರ್ಡುಗಳನ್ನೂ ಬಿಟ್ಟುಹೋಗುತ್ತಿದ್ದರು. ಹಾಗೆ ಕಪಾಟು ತುಂಬಿತು, ಎಲ್ಲವೂ ರಾಗದಾರಿ ಸಂಗೀತ, ಒಂದೊಂದು ರಾಗಕ್ಕೆ ಒಂದೊಂದು ಹೊತ್ತು. ರಟ್ಟಿನ ಕವರು ಹರಿದ ಮೇಲೆ ಅವರ ಹೆಂಡತಿ ವಜೀರಬಿ ಚಾಚಿ ಬಟ್ಟೆಯ ಚೀಲ ಹೊಲಿದರು. ಬೆಳಗಿನ ರಾಗಕ್ಕೆ ಬಿಳಿ, ಮಧ್ಯಾಹ್ನಕ್ಕೆ ಹಳದಿ, ಸಂಜೆಗೆ ಕೆಂಪು, ರಾತ್ರಿಗೆ ಕರಿ. ಕಣ್ಣು ಮಂಜಾಗಿ ಅಕ್ಷರ ಕಾಣದಿದ್ದರೂ ಚಾಚಾಗೆ ಬಣ್ಣ ಕಾಣುತ್ತಿತ್ತು. ಹೊತ್ತು ತಪ್ಪಿಸಿ ಒಂದು ರೆಕಾರ್ಡನ್ನೂ ಹಚ್ಚಿದವರಲ್ಲ.

"ಸವದು ಹಾಳಾಗ್ತಾವ ಚಾಚಾ, ಕಂಪ್ಯೂಟರಿನಾಗ ಹಾಕಿ ಕೊಡ್ತೀನಿ" ಎಂದು ಅವಿನಾಶ ಎಲ್ಲ ಒಯ್ದ. ತಿರುಗಿ ತಂದಾಗ ಹೊಳೆಯುವ ಪ್ಲಾಸ್ಟಿಕ್ ಕವರು, ಮೇಲೆ ಇಂಗ್ಲಿಷಿನಲ್ಲಿ ಹಾಡಿದವರ ಹೆಸರು.

"ಚೀಲ ಎಲ್ಲಿ ಬೇಟಾ?" ಎಂದರು ಚಾಚಾ.

"ಆ ಚಿಂದಿ ಏನ್ರಿ? ಕಸದಾಗ ಹಾಕ್ದೆ."

ನನಗೆ ತಡೆಯಲಾಗಲಿಲ್ಲ. "ಚಿಂದಿ ಅಲ್ಲೋ ಹುಚ್ಚಪ್ಯಾ! ನಿಮ್ಮವ್ವನ ಮಸಾಲಿ ಡಬ್ಬಿ ಎಲ್ಲಾ ಒಂದ್ರಾಗ ಸುರುವಿ, ಮ್ಯಾಲ ಅಂಗಡಿ ಹೆಸರು ಬರದು ಕೊಡ್ಲೇನು?"

"ಒದರಬ್ಯಾಡ್ರಿ ಮಾಮಾ. ಒಂದು ಗುಂಡಿ ಒತ್ತಿದ್ರ ಮುಗೀತು."

ತಾನು ತಂದ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಹಾಡುಹಗಲಲ್ಲಿ ಯಾವುದೋ ರಾಗ ಶುರುವಾಯಿತು. ಚಾಚಾ ತಪ್ಪಾಯಿತೆಂಬಂತೆ ಕಿವಿ ಮುಟ್ಟಿಕೊಂಡು, "ಇದು ನಡುರಾತ್ರಿದು, ಬಂದ್ ಮಾಡಪಾ" ಎಂದರು.

ಅವಿನಾಶ ತಲೆ ತಗ್ಗಿಸಿ, "ಯಾವುದು ಯಾವ ಹೊತ್ತಿಂದು ಹೇಳ್ರಿ, ಒಂದಿನ ಕೂತು ಜೋಡಿಸಿಕೊಡ್ತೀನಿ. ಐತವಾರ ಬರ್ತೀನಿ" ಎಂದ.

ಆ ಭಾನುವಾರ ಬರಲಿಲ್ಲ. ಅವನ ಅಂಗಡಿಗೇ ಹೋಗಿ ಜಗಳಾಡಿದೆ. ತಂಗಿ ನನ್ನ ಸಂಗಡ ಮಾತು ಬಿಟ್ಟಳು. ನಾನೇ ಜೋಡಿಸೋಣವೆಂದರೆ ನನಗೆ ರಾಗವೂ ತಿಳಿಯದು, ಇಂಗ್ಲಿಷೂ ಬಾರದು. ಕಡೆಗೆ ಚಾಚಾ ಒಂದೊಂದನ್ನೇ ಹಚ್ಚಿ, ಎರಡು ಸ್ವರ ಕೇಳಿ, ಹೊತ್ತಿನದಲ್ಲವೆಂದರೆ ತಟ್ಟನೆ ಮುಳ್ಳೆತ್ತಿ ಕಿವಿ ಮುಟ್ಟಿಕೊಳ್ಳುತ್ತ ಬೇರೆ ಮಾಡತೊಡಗಿದರು. ಚಾಚಿ ಮತ್ತೆ ಸೂಜಿ ಹಿಡಿದರು. ಬೆಳಗಿನವು ಮುಗಿದವು. ಅಷ್ಟರಲ್ಲಿ ಚಾಚಾ ಹಾಸಿಗೆ ಹಿಡಿದರು.

ಸಂಜೆಯಾದರೆ, "ಈ ಹೊತ್ತಿಂದು ಒಂದು ಹಚ್ಚು" ಎನ್ನುವರು. ಚಾಚಿ ಒಂದು ಹಚ್ಚಿದರೆ ರಾತ್ರಿಯದು ಬರುತ್ತಿತ್ತು, ಇನ್ನೊಂದು ಹಚ್ಚಿದರೆ ಮಧ್ಯಾಹ್ನದ್ದು. ಚಾಚಾ ಕೈ ಆಡಿಸಿ ನಿಲ್ಲಿಸುವರು. ನಾನು ಫೋನು ಹಚ್ಚಿದರೆ ಅವಿನಾಶನದು ಒಂದೇ ಮಾತು: "ಈ ಐತವಾರ ಪಕ್ಕಾ ಬರ್ತೀನಿ ಮಾಮಾ."

ಚಾಚಾ ಹೋಗಿ ಆರು ತಿಂಗಳಾಯಿತು. ಅವಿನಾಶ ಕೊಡಬೇಕಾಗಿದ್ದ ಆ ಒಂದು ದಿನ ಬಾಕಿಯೇ ಉಳಿಯಿತು.